ಥ್ಯಾಲಿಯಂ ಸೂತಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡುವವನು ದೆವ್ವದ ಕಥೆ ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯಲ್ಲಿ ಹೃದಯದ ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್. ರೋಗಿಗೆ ಥ್ಯಾಲಿಯಂ ಎಂಬ ವಿಕಿರಣದ ಔಷಧ ಚುಚ್ಚಿ, ದೀಪ ಆರಿಸಿ, ಪರದೆಯ ಮೇಲೆ ಹೃದಯ ಮಿಣುಕುವುದನ್ನು ಕಾಯುವುದು ನನ್ನ ಕೆಲಸ.

ಆ ದಿನ ಬಂದವರು ಆಂಟಾಪ್ ಹಿಲ್‌ನ ನಮ್ಮದೇ ಬಿಲ್ಡಿಂಗಿನ ಹಿರಿಯರು, ಉಡುಪಿ ಕಡೆಯವರು, ಹೋಟೆಲ್ ಮ್ಯಾನೇಜರು. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಮಾತ್ರೆಯಿಂದ ಗುಣ ಕಂಡಿದೆಯೋ, ಪೆಟ್ಟು ತಿಂದ ಭಾಗಕ್ಕೆ ಇನ್ನೂ ಜೀವವಿದೆಯೋ ನೋಡಬೇಕಿತ್ತು. ಜೀವವಿದ್ದರೆ ಆಪರೇಷನ್ನಿನಿಂದ ಪ್ರಯೋಜನ. ಇಲ್ಲದಿದ್ದರೆ ಡಾಕ್ಟರ ಕೈಯಲ್ಲೂ ಹೆಚ್ಚೇನಿಲ್ಲ.

೧. ಮುಕ್ಕಾಲು

ಟ್ರೆಡ್‌ಮಿಲ್ ಮೇಲೆ ಓಡಿಸಿ, ಚುಚ್ಚಿ, ಮಲಗಿಸಿದೆ. ಕತ್ತಲೆಯಲ್ಲಿ ಪರದೆಯ ಮೇಲೆ ಹೃದಯ ಮೂಡಿತು, ಕೆಳಗಡೆ ಒಂದು ತುಂಡು ಮಾತ್ರ ಕಪ್ಪು.

"ಅಲ್ಲಿ ಎಂತ ಇಲ್ವಲ್ಲ?" ಎಂದರು.

"ನಾಲ್ಕು ಗಂಟೆ ಬಿಟ್ಟು ಮತ್ತೆ ತೆಗೀತೀವಿ. ಅಲ್ಲಿ ಬೆಳಕು ಬಂದರೆ ಜೀವ ಇದೆ ಅಂತ."

ಪರದೆಯನ್ನೇ ನೋಡಿ ಲೆಕ್ಕ ಹಾಕಿದರು. "ಅಂದ್ರೆ ಅಲ್ಲಿವರೆಗೆ ನಾನು ಮುಕ್ಕಾಲು ಬದುಕಿದವ. ಮತ್ತೆ ಪೂರ್ತಿ ಮನುಷ್ಯನನ್ನು ಯಾಕೆ ಓಡಿಸಿದ್ದು ಮಾರಾಯ್ರೆ?"

೨. ಟಿಕ್ ಟಿಕ್

ಎಲ್ಲರೂ ಊಟಕ್ಕೆ ಹೋಗಿದ್ದರು. ಕತ್ತಲೆ ಕೋಣೆಯಲ್ಲಿ ನಾನೊಬ್ಬನೇ. ಮೇಜಿನ ಮೇಲೆ ವಿಕಿರಣ ಅಳೆಯುವ ಡಬ್ಬಿ ಇದ್ದಕ್ಕಿದ್ದಂತೆ 'ಟಿಕ್' ಎಂದಿತು. ಆಮೇಲೆ 'ಟಿಕ್ ಟಿಕ್'. ಹೆಜ್ಜೆ ಸಪ್ಪಳವಿಲ್ಲ, ಉಸಿರಿಲ್ಲ, ಸದ್ದು ಮಾತ್ರ ಹತ್ತಿರವಾಗುತ್ತಿತ್ತು. ಹನುಮಂತನ ಹೆಸರು ಅರ್ಧ ಹೇಳುವಷ್ಟರಲ್ಲಿ ಕಿವಿಯ ಬಳಿಯೇ ಒಂದು ದನಿ: "ಇಡ್ಲಿ ತಿನ್ಬಹುದಾ?"

ಅವರೇ, ಮೈಯೊಳಗಿನ ಥ್ಯಾಲಿಯಂ ಸಮೇತ, ಬರಿಗಾಲಲ್ಲಿ. "ಒಳಗೆ ಗರ್ಭಗುಡಿ ಹಾಗೆ ಕತ್ತಲೆ ಅಲ್ವಾ, ಚಪ್ಪಲಿ ಹೊರಗೆ ಬಿಟ್ಟೆ," ಎಂದರು.

ತಿನ್ನಿ ಎಂದೆ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

೩. ಹೋದವರು ಯಾರು

ಎರಡನೇ ಸ್ಕ್ಯಾನ್ ಮುಗಿಸಿ ಅವರನ್ನು ಮನೆಗೆ ಕಳಿಸುವಾಗ, "ಮೈಯಲ್ಲಿ ವಿಕಿರಣ ಇರುತ್ತೆ, ಇವತ್ತೊಂದಿನ ಮೊಮ್ಮಗುವನ್ನು ಎತ್ತಿಕೊಳ್ಳಬೇಡಿ," ಎಂದಿದ್ದೆ. ಫಲಿತಾಂಶವನ್ನು ಡಾಕ್ಟರು ನೋಡಬೇಕಿತ್ತು. ಸಂಜೆ ಡಾಕ್ಟರು ನೋಡಿ ನಕ್ಕರು. ಸುದ್ದಿ ಹೇಳಲು ನಾನು ಲೋಕಲ್ ರೈಲು ಹಿಡಿದು ಓಡಿದೆ.

ಬಿಲ್ಡಿಂಗಿನ ಮೆಟ್ಟಿಲ ತುಂಬ ಚಪ್ಪಲಿ. ಅವರ ಮನೆ ಬಾಗಿಲು ತೆರೆದೇ ಇದೆ, ಒಳಗೆ ಸಂಜೆ ದೀಪ ಹಚ್ಚಿಲ್ಲ, ಸೆರಗು ಹೊದ್ದ ಹೆಂಗಸರು ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ತಡವಾಯಿತು ಎಂದುಕೊಂಡೆ.

ನೋಡಿದರೆ ಮೂಲೆಯ ಚಾಪೆಯ ಮೇಲೆ ಅವರೇ ಕೂತಿದ್ದಾರೆ! ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಚೊಂಬು. ನನ್ನನ್ನು ಕಂಡು, "ಬಂದ್ರಾ? ಸ್ಕ್ಯಾನಿನ ವಿಷಯ ಇವರಿಗೆಲ್ಲ ಹೇಳಿ ನನಗೊಬ್ಬನಿಗೆ ಮುಚ್ಚಿಟ್ರಲ್ಲ," ಎಂದರು.

ನಾನು ಯಾರಿಗೂ ಏನೂ ಹೇಳಿರಲಿಲ್ಲ. ಆದದ್ದು ಇಷ್ಟು: ಮಗುವನ್ನು ಮುಟ್ಟಬಾರದು ಎಂದೊಡನೆ ಅವರ ಹೆಂಡತಿ ತಮಗೆ ಗೊತ್ತಿದ್ದ ಒಂದೇ ಪದ್ಧತಿ ಹಿಡಿದಿದ್ದರು: ಸೂತಕ. ಚಾಪೆ ಬೇರೆ, ತಟ್ಟೆ ಬೇರೆ, ದೇವರಿಗೆ ದೀಪವಿಲ್ಲ. ಎದುರು ಮನೆಯ ಮರಾಠಿ ಮುದುಕಿ ಅದನ್ನು ನೋಡಿದ್ದೇ ಬಿಲ್ಡಿಂಗಿಗೆಲ್ಲ ಸಾವಿನ ಸುದ್ದಿ ಮುಟ್ಟಿಸಿದ್ದಳು. ಸಾವಿನ ಮನೆಯಲ್ಲಿ ಏನಾಯಿತು ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಯಾರೂ ಕೇಳಿರಲಿಲ್ಲ. ಅಳುವವರಿಗೆ ಅಡ್ಡಿ ಮಾಡಬಾರದು ಎಂದು ಮನೆಯವರೂ ಕೇಳಿರಲಿಲ್ಲ.

"ಕಪ್ಪು ಜಾಗದಲ್ಲಿ ಬೆಳಕು ಬಂದಿದೆ!" ಎಂದು ಕೂಗಿದೆ. "ಜೀವ ಇದೆ! ಆಪರೇಷನ್ ಮಾಡಬಹುದಂತೆ!"

ಮುದುಕಿ ಕಣ್ಣೊರೆಸಿಕೊಂಡು ಸುತ್ತಲೂ ನೋಡಿದಳು. "ತೋ ಫಿರ್ ಮರಾ ಕೌನ್?" ಹಾಗಾದರೆ ಸತ್ತವರು ಯಾರು ಎಂದು.

ಚಾಪೆಯ ಮೇಲಿದ್ದವರು ನಿಧಾನವಾಗಿ ಕೈಯೆತ್ತಿದರು.

"ನಾನೇ ಅಂತ ಮಾಡಿದ್ದೆ."