ಗಂಜಿರಾಯನ ನೀಲಿ ಹಸ್ತ

ಮನುಷ್ಯನ ತಲೆ ತಿರುಗಲು ಸಿಂಹಾಸನವೇ ಬೇಕೆಂದಿಲ್ಲ. ನಮ್ಮ ಗಂಜಿರಾಯನ ತಲೆ ಹೆಬ್ಬೆರಳ ಗಾತ್ರದ ಒಂದು ಸೀಸೆಗೇ ತಿರುಗಿಬಿಟ್ಟಿತು.

ಗಂಜಿರಾಯ ಎಂದರೆ ಯಾವ ದೇಶದ ರಾಯನೋ ಎಂದು ಹುಡುಕಬೇಡಿ. ಬೀದಿಯ ತಿರುವಿನ ಲಾಂಡ್ರಿಯೇ ಅವನ ರಾಜ್ಯ, ಇಸ್ತ್ರಿಪೆಟ್ಟಿಗೆಯೇ ರಾಜಮುದ್ರೆ. ಅವನು ಗಂಜಿ ಹಾಕಿದ ಅಂಗಿ ಯಾರ ಆಸರೆಯೂ ಇಲ್ಲದೆ ತಾನೇ ಎದ್ದು ನಿಲ್ಲುತ್ತದೆ ಎಂದು ಬೀದಿಯವರ ಹೊಗಳಿಕೆ. (ತೊಟ್ಟವರು ಮಾತ್ರ ಕೂರಲಾರರು ಎಂದು ಅವನ ಹೆಂಡತಿಯ ತಿದ್ದುಪಡಿ.) ಮನೆ ಅಂಗಡಿಯ ಹಿಂದೆಯೇ. ಹೆಂಡತಿ ಬಟ್ಟೆ ಒಗೆಯುವವಳು, ಅತ್ತೆ ಗುಂಡಿ ಹೊಲಿಯುವವರು, ಇಬ್ಬರೂ ಸೇರಿ ಅವನನ್ನು ಹಿಂಡುವವರು.

ಒಂದು ದಿನ ಯಾರದೋ ಕೋಟಿನ ಮುರಿದ ಗುಂಡಿ ತಗುಲಿ ಅವನ ಎಡಗೈ ಹೆಬ್ಬೆರಳು ಕೊಯ್ದುಹೋಯಿತು. ಔಷಧಿ ಅಂಗಡಿಯವನು ಟಿಂಚರ್ ಅಯೋಡಿನ್ ಸೀಸೆ ಕೊಟ್ಟ. ಹಚ್ಚಿದ ಕೂಡಲೇ ಗಂಜಿರಾಯ "ಅಯ್ಯಯ್ಯಪ್ಪೋ!" ಎಂದು ಒಂಟಿಕಾಲಲ್ಲಿ ಅಂಗಡಿಯನ್ನೆಲ್ಲ ಸುತ್ತಿಬಂದ. ಆದರೆ ಗಾಯ ಮಾಯತೊಡಗಿದ್ದೇ ತಡ, ಎಂದೋ ತೀರಿಕೊಂಡಿದ್ದ ಅಜ್ಜಿ ನೆನಪಿಗೆ ಬಂದಳು. ಆಹಾ, ಅಜ್ಜಿ! ಗಂಟಲು ಕೆಟ್ಟರೆ ಕಡ್ಡಿಗೆ ಹತ್ತಿ ಸುತ್ತಿ ಒಳಗೆಲ್ಲ ಅಯೋಡಿನ್ ಸವರುತ್ತಿದ್ದಳು. ಕೆಮ್ಮಿದರೆ ಎದೆಯ ಮೇಲೆ ಅಯೋಡಿನ್ನಿನಲ್ಲಿ ಬಲೆಯಂತೆ ಗೆರೆ ಎಳೆಯುತ್ತಿದ್ದಳು. ಊದಿದ ಮಂಡಿಗೆ ಅದೇ, ಹುಳುಕಡ್ಡಿಗೆ ಅದೇ, ಕಾಲಿನ ಆಣಿಗೂ ಅದೇ!

"ಸಿಕ್ಕಿತು ಕಣೇ! ಸಕಲರೋಗ ಸಂಹಾರಿಣಿ ಸಿಕ್ಕಿತು!" ಎಂದು ಅವನು ಒಗೆಯುವ ಕಲ್ಲಿನ ಬಳಿಗೆ ಓಡಿದ.

"ಕಳೆದುಹೋಗಿರೋ ಸೋಪು ಸಿಕ್ತಾ ಅದರ ಜೊತೆ?" ಎಂದಳು ಹೆಂಡತಿ.

"ಸೋಪು ಬಿಡು. ಬೆನ್ನು ನೋವು ಅಂತಿದ್ದೆಯಲ್ಲ, ತಿರುಗು!"

ತಿರುಗಿದ ಪಾಪಕ್ಕೆ ಅವಳ ಬೆನ್ನ ಮೇಲೆ ಅಡ್ಡಗೆರೆ ಉದ್ದಗೆರೆ ಎಲ್ಲ ಬಿದ್ದವು. ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ ನೋಡಿ ಅವಳು ಚೀರಿದಳು. "ಇದೇನ್ರೀ, ಬೆನ್ನೋ ಚದುರಂಗದ ಹಲಗೆಯೋ? ಆನೆ ಕುದುರೆ ಎಲ್ಲಿ ಇಡ್ತೀರಾ?"

ಮೂಲೆಯಿಂದ ಅತ್ತೆಯ ದನಿ ಬಂತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅಳಿಯಂದ್ರೇ, ಬೆರಳು ನಿಮ್ಮದು ತಾನೆ ಕೊಯ್ದದ್ದು?"

ಮರುಕ್ಷಣವೇ ಅತ್ತೆಯ ಮಂಡಿಯೂ ಕಂದು ಬಣ್ಣಕ್ಕೆ ತಿರುಗಿತು.

ಸುದ್ದಿ ಬೀದಿಯಲ್ಲಿ ಹಬ್ಬಿತು. ಕೆಮ್ಮುವ ಟೈಲರು ಬಂದ, ಗಂಟಲು ಕಟ್ಟಿದ ಬಸ್ ಕಂಡಕ್ಟರ್ ಬಂದ. ಇಸ್ತ್ರಿ ಮೇಜಿನ ಪಕ್ಕದಲ್ಲೇ ಚಿಕಿತ್ಸಾಲಯ! ಔಷಧಕ್ಕೆ ಬಟ್ಟಲು ಯಾಕೆಂದು ಗಂಜಿರಾಯ ತನ್ನ ಎಡ ಅಂಗೈಯಲ್ಲೇ ಅಯೋಡಿನ್ ಸುರಿದುಕೊಂಡು, ಬಲಗೈಯ ಕಡ್ಡಿಯನ್ನು ಅದರಲ್ಲಿ ಅದ್ದುತ್ತಿದ್ದ. ಪಟ್ಟಿ ಸುತ್ತಿದ ಹೆಬ್ಬೆರಳೊಂದನ್ನು ಬಿಟ್ಟು ಅಂಗೈಯೂ ಬೆರಳುಗಳೂ ಕಂದೋ ಕಂದು.

"ಬಿಳೀ ಬಟ್ಟೆ ಇರೋ ಜಾಗದಲ್ಲಿ ಈ ಸೀಸೆ ಬೇಡ ಕಣ್ರೀ" ಎಂದು ಹೆಂಡತಿ ಬೇಡಿಕೊಂಡಳು. "ಎದುರುಗಡೆ ಡಾಕ್ಟರಮ್ಮನ ಕೋಟುಗಳು ಬಂದಿವೆ. ನಾಳೆ ಅವರ ಕ್ಲಿನಿಕ್ ಶುರು. ಇವು ಮೆಚ್ಚಿಗೆಯಾದರೆ ಕ್ಲಿನಿಕ್ಕಿನ ಹೊದಿಕೆ, ಪರದೆ ಎಲ್ಲ ವರ್ಷವಿಡೀ ನಮಗೇ ಅಂದಿದಾರೆ. ಕೆಟ್ಟರೆ ಮುಂದಿನ ಬೀದಿಯ ಮೆಷಿನ್ ಲಾಂಡ್ರಿಗೆ!"

"ಹುಚ್ಚಿ, ಕೈ ಒಣಗಿದ ಮೇಲೆ ಬಟ್ಟೆಗೆ ಹತ್ತೀತೇ?"

ಮರುದಿನ ಬೆಳಿಗ್ಗೆ ಕಂಡಕ್ಟರನ ಗಂಟಲಿಗೆ ಮತ್ತೊಂದು ಸುತ್ತು ಬಳಿದು ಕಳಿಸಿ, ಗಂಜಿರಾಯ ಡಾಕ್ಟರಮ್ಮನ ಕೋಟು ಹಾಸಿದ. ಹಪ್ಪಳದಂತೆ ಗಂಜಿ ಹಿಡಿದ, ಹಾಲಿನಂಥ ಬಿಳಿ ಕೋಟು! ನೀರು ಚಿಮುಕಿಸಿ, ಎಡಗೈಯಿಂದ ನಯವಾಗಿ ಸವರಿ, ಕೈ ಎತ್ತಿದ.

ಕೋಟಿನ ಬೆನ್ನ ಮೇಲೆ ಕಡುನೀಲಿ ಹಸ್ತವೊಂದು ಮೂಡಿತ್ತು.

"ಅತ್ತೇ! ಬಟ್ಟೆಗೆ ನೀಲಿ ಎಷ್ಟು ಸುರಿದಿದ್ದೀರಿ?"

"ನಾನು ಗುಂಡಿ ಹೊಲಿಯೋಳು. ನೀಲಿಗೂ ನನಗೂ ಏನಪ್ಪಾ ಸಂಬಂಧ?"

ಅವನ ಅಯೋಡಿನ್ನು ಕಂದು, ಕೋಟಿನ ಮೇಲಿನ ಕೈ ನೀಲಿ. ಆದ್ದರಿಂದ ಅದು ತನ್ನದಲ್ಲ ಎಂಬುದು ಗಂಜಿರಾಯನ ತರ್ಕ. ಎದುರುಬದಿಯ ಕ್ಲಿನಿಕ್ಕಿನಲ್ಲಿ ಆಗಲೇ ಕುರ್ಚಿ ಎಳೆಯುವ ಸದ್ದು. ಕಾದ ಇಸ್ತ್ರಿಪೆಟ್ಟಿಗೆಯನ್ನು ನೀಲಿಯ ಮೇಲೆ ಒತ್ತಿದ. ಬುಸ್ಸೆಂದು ಆವಿ ಎದ್ದಿತು. ಪೆಟ್ಟಿಗೆ ಎತ್ತಿ ನೋಡಿದರೆ ಹಸ್ತ ಮಾಯ!

"ನೋಡಿದೆಯೇನೇ! ನನ್ನ ಇಸ್ತ್ರಿಗೆ ಹೆದರಿ ಓಡಿಹೋಯಿತು!"

"ಆರಲಿ ತಾಳಿ ಒಂದು ಗಳಿಗೆ. ಆರಿದ ಮೇಲೆ ನೋಡಿ ಕೊಡೋಣ."

"ಬಿಸಿ ಬಿಸಿ ಕೋಟು ಕೊಟ್ಟರೆ ಗೌರವ ಹೆಚ್ಚು!" ಎಂದವನೇ ಕೋಟುಗಳನ್ನು ಎತ್ತಿಕೊಂಡು ಬೀದಿ ದಾಟಿಯೇಬಿಟ್ಟ. ಹೆಂಡತಿ ಒದ್ದೆ ಕೈಯಲ್ಲೇ ಹಿಂದೆ ಓಡಿದಳು.

ಡಾಕ್ಟರಮ್ಮ ಕೋಟು ತೊಟ್ಟು, "ವಾಹ್, ಬೆನ್ನು ತಾನಾಗಿ ನೆಟ್ಟಗಾಯ್ತು!" ಎಂದರು. ಗಂಜಿರಾಯ ಹಿಗ್ಗಿ ಹೀರೇಕಾಯಿಯಾದ. ಬೀದಿಯವರೆಲ್ಲ ಸೇರಿದ್ದರು. ಡಾಕ್ಟರಮ್ಮ ಎದ್ದು ನಿಂತು ಮಾತು ಶುರುಮಾಡಿದರು.

"ಚಿಕ್ಕ ಗಾಯಕ್ಕೆ ಅಯೋಡಿನ್ ಹಚ್ಚಿ, ಬೇಡ ಅನ್ನಲ್ಲ. ಆದರೆ ಕೆಮ್ಮಿಗೆ ಎದೆ ಮೇಲೆ ಬಲೆ, ಮಂಡಿಗೆ ಚಿತ್ರ, ಗಂಟಲಿಗೆ ಬಣ್ಣ ಅಂತ ಕೂತರೆ ಒಳಗಿನ ಕಾಯಿಲೆ ಬಲಿಯುತ್ತೆ. ಈ ಬೀದಿಯಲ್ಲಿ ಯಾರೋ ಮಹಾನುಭಾವರು…"

ಕೋಟು ಮೆಲ್ಲಗೆ ಆರುತ್ತಿತ್ತು. ಅವರು ಗೋಡೆಯ ಕಡೆ ತಿರುಗಿದ ಕೂಡಲೇ ಜನ "ಹೋ!" ಎಂದರು. ಬಿಳಿಯ ಬೆನ್ನ ಮೇಲೆ, ಹೋಗಿದ್ದ ನೀಲಿ ಹಸ್ತ ಮತ್ತೆ ಹಾಜರ್! ಯಾರೋ ಬೆನ್ನು ತಟ್ಟಿ "ಭೇಷ್" ಎಂದ ಹಾಗೆ.

ಪಕ್ಕದಲ್ಲಿದ್ದ ನರ್ಸು ಬೆನ್ನಿನ ವಿಷಯ ಹೇಳಿದಳು. ಡಾಕ್ಟರಮ್ಮ ಕೋಟು ಬಿಚ್ಚಿ ಬೆಳಕಿಗೆ ಹಿಡಿದರು. "ಓಹೋ. ಗಂಜಿಗೆ ಅಯೋಡಿನ್ ತಗುಲಿದೆ, ಅದಕ್ಕೇ ಈ ನೀಲಿ. ಕಾದರೆ ಮರೆಯಾಗುತ್ತೆ, ಆರಿದರೆ ಬರುತ್ತೆ. ಅದಿರಲಿ, ಈ ಕೈಗೆ ಹೆಬ್ಬೆರಳೇ ಇಲ್ಲವಲ್ಲ?"

ಸಭೆಗೆ ಸಭೆಯೇ ತಿರುಗಿ ಗಂಜಿರಾಯನ ಹೆಬ್ಬೆರಳಿನ ಪಟ್ಟಿಯನ್ನು ನೋಡಿತು. ಅವನು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಹಿಂದೆ ನಿಂತಿದ್ದವರಿಗೆ ಇನ್ನೂ ಚೆನ್ನಾಗಿ ಕಂಡಿತು.

"ಡಾಕ್ಟರೇ, ಇವರೇ ನನ್ನ ಗಂಟಲಿಗೆ ಬಳಿದದ್ದು!" ಎಂದು ಕಂಡಕ್ಟರ್ ಕೀರಲು ದನಿಯಲ್ಲಿ ಸಾಕ್ಷಿ ನುಡಿದ.

ಹೋಯಿತು ಕೆಲಸ, ಎಂದು ಗಂಜಿರಾಯ ಕಣ್ಣು ಮುಚ್ಚಿದ. ತೆರೆದು ನೋಡಿದರೆ ಹೆಂಡತಿ, ಬಂದವರ ಶರಬತ್ತಿಗೆಂದು ಹೆಚ್ಚಿಟ್ಟಿದ್ದ ನಿಂಬೆಹಣ್ಣಿನ ಹೋಳೆತ್ತಿ ಕೋಟಿಗೆ ತಿಕ್ಕುತ್ತಿದ್ದಳು. "ತುಕ್ಕಿಗೆ ಹಚ್ತೀವಲ್ಲ, ಇದಕ್ಕೂ ನೋಡೋಣ" ಎಂದು ಗೊಣಗುತ್ತ. ನೀಲಿ ಕರಗಿತು, ಕೋಟು ಬೆಳ್ಳಗಾಯಿತು. ಆರಿದ ಮೇಲೂ ಬೆಳ್ಳಗೇ ಇತ್ತು.

ಡಾಕ್ಟರಮ್ಮ ನಕ್ಕರು. "ಬಟ್ಟೆ ಕೆಲಸ ಪೂರ್ತಿ ನಿಮಗೇ ಅಮ್ಮ. ನಿಮಗೆ, ಇವರಿಗಲ್ಲ. ಅಯೋಡಿನ್ ಹಿಡಿದ ಕೈ ನನ್ನ ಬಟ್ಟೆ ಮುಟ್ಟಿದ ದಿನ ಮಾತು ಮುಗೀತು."

ಹೀಗೆ ಗಂಜಿರಾಯನ ರಾಜ್ಯದಲ್ಲಿ ರಾಣಿಯ ಆಳ್ವಿಕೆ ಶುರುವಾಯಿತು. ಸೀಸೆಯನ್ನು ಬಿಸಾಡಿದ್ದೇನೆ ಎಂದು ಅವನು ಆಣೆಯಿಟ್ಟು ಹೇಳಿದ. ಹೆಂಡತಿ ನಂಬಿದಳು. (ನಂಬಿದ ಹಾಗೆ ತಲೆಯಾಡಿಸಿದಳು.)

ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಬಟ್ಟೆಯ ಗಂಟು ಕಟ್ಟುವ ಹೊತ್ತಿಗೆ ಅವನು ಹಿತ್ತಲಿನಿಂದ ಬೆವರುತ್ತ ಬಂದ. ಮೂಗಿನ ಕೆಳಗೆ ಸಣ್ಣದೊಂದು ಗುಳ್ಳೆ ಎದ್ದಿತ್ತು.

"ಏನೂ ಹಚ್ಚಿಲ್ಲ ತಾನೆ?"

"ಛೇ ಛೇ, ಬರೀ ತಣ್ಣೀರು!"

"ಪಾಪ, ಬೆವರು ಒರೆಸಿಕೊಳ್ಳಿ" ಎಂದು ಹೆಂಡತಿ ಬಿಳಿಯ ಕರವಸ್ತ್ರ ಕೊಟ್ಟಳು. ಎಂದೂ ಇಲ್ಲದ ಅಕ್ಕರೆ! ಅವನು ಖುಷಿಯಿಂದ ಮುಖ ಒತ್ತಿ ಒರೆಸಿಕೊಂಡ. ಬಟ್ಟೆ ಯಾಕೋ ಹಪ್ಪಳದ ಹಾಗೆ ಚುಚ್ಚಿತು.

ಅತ್ತೆ ಕರವಸ್ತ್ರವನ್ನು ಇಸಿದುಕೊಂಡು, ಎರಡು ತುದಿ ಹಿಡಿದು ಅಳಿಯನ ಮುಖದೆದುರು ಬಿಡಿಸಿದರು.

ನಡುಮಧ್ಯದಲ್ಲಿ, ಗಂಜಿಯ ಮೇಲೆ, ಸೊಗಸಾದ ನೀಲಿ ಮೀಸೆಯೊಂದು ಮೂಡಿತ್ತು.