ಫ್ರಾನ್ಸಿನ ನಾಲೆಯಲ್ಲಿ ಅವಸರದ ಭಾವ

ನಮ್ಮ ಭಾವನಿಗಿಂತ ಅವಸರದ ಮನುಷ್ಯ ಬೇ ಏರಿಯಾದಲ್ಲಿ ಇನ್ನೊಬ್ಬ ಇರಲಾರ. ಇದ್ದರೂ ನಮಗೆ ಕಾಣಿಸುವ ಮೊದಲೇ ಮುಂದೆ ಹೋಗಿಬಿಟ್ಟಿರುತ್ತಾನೆ! ಅಕ್ಕನ ಗಂಡನಾದ ಇವರು ಮಂಡ್ಯದ ಕಡೆಯವರು. ಮೈಕ್ರೋವೇವ್ ಮುಂದೆ ನಿಂತು "ಬೇಗ, ಬೇಗ" ಎನ್ನುವವರು. ಫ್ರೀವೇಯಲ್ಲಿ ಲೇನು ಬದಲಿಸುವ ಭರದಲ್ಲಿ ಆಫೀಸಿನ ಎಕ್ಸಿಟ್ಟನ್ನೇ ದಾಟಿ ಹೋಗುವವರು. ಸಪ್ತಪದಿಯನ್ನೂ ಮೂರೇ ದಾಪುಗಾಲಿನಲ್ಲಿ ಮುಗಿಸಿದರೆಂದು ಅಕ್ಕ ಹೇಳುತ್ತಾಳೆ. ನನ್ನ ಗಮನ ಆಗ ಹೋಳಿಗೆಯ ಕಡೆ ಇದ್ದದ್ದರಿಂದ ನಾನು ಸಾಕ್ಷಿ ಹೇಳಲಾರೆ.

ಅದು ಡಾಟ್‌ಕಾಮ್ ಕಾಲ. ಭಾವನ ಸ್ಟಾರ್ಟಪ್ಪು ಫಾಸ್ಟರ್ ಸಿಟಿಯಲ್ಲಿತ್ತು. ಹೂಕುಂಡಕ್ಕೆ ನೀರು ಹಾಕಿ ಎಂದು ಜನರಿಗೆ ಇಂಟರ್ನೆಟ್ಟಿನಲ್ಲಿ ನೆನಪಿಸುವುದು ಅದರ ಘನ ಉದ್ದೇಶ. ನಗಬೇಡಿ, ಅದಕ್ಕೆ ದುಡ್ಡು ಸುರಿಯಲು ಜನ ಕ್ಯೂ ನಿಂತಿದ್ದರು! ಲೋಕದ ಗಿಡಗಳನ್ನೆಲ್ಲ ಬದುಕಿಸುವ ಗಡಿಬಿಡಿಯಲ್ಲಿ ಭಾವ ಮನೆಯಲ್ಲಿ ಕುಳಿತು ಉಂಡದ್ದೇ ಅಪರೂಪ. ಮೊದಲು ಮನೆಯ ಕರಿಬೇವಿನ ಗಿಡ ಒಣಗಿತು, ಆಮೇಲೆ ಅಕ್ಕನ ತಾಳ್ಮೆ.

"ಒಂದು ವಾರ ಫೋನಿಲ್ಲದೆ ನನ್ನ ಜೊತೆ ಇರ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಮೈಸೂರಿಗೆ ಹೋಗ್ತೀನಿ. ರಿಟರ್ನ್ ಟಿಕೆಟ್ ಬೇಡ" ಎಂದಳು ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ಭಾವ ಅಷ್ಟು ಹೆದರುತ್ತಿರಲಿಲ್ಲ.

ವರ್ಷವಿಡೀ ಓಡುವುದು, ಆಮೇಲೆ ನಿಧಾನವನ್ನು ದುಡ್ಡು ಕೊಟ್ಟು ಕೊಳ್ಳುವುದು ಆಗಿನ ಫ್ಯಾಶನ್ನು. ಭಾವನ ಬಾಸು ಫ್ರಾನ್ಸಿನ ಹಳ್ಳಿಗಾಡಿನ ಕಾಲುವೆಗಳಲ್ಲಿ ತೇಲಿ ಬಂದಿದ್ದರಂತೆ. ಉದ್ದನೆಯ ದೋಣಿಮನೆ, ಅದರಲ್ಲೇ ಊಟ, ನಿದ್ದೆ, ನಡುನಡುವೆ ಇಳಿದು ಊರು ನೋಡುವುದು. ಭಾವ ವಿವರಗಳನ್ನು ಪೂರ್ತಿ ಓದದೆಯೇ ಬುಕ್ ಮಾಡಿದರು. ಜಗಳವಾದರೆ ಬಿಡಿಸಲು ಜನ ಬೇಕಲ್ಲ? ಮೆನ್ಲೋ ಪಾರ್ಕಿನಲ್ಲಿ ನನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ನನ್ನನ್ನೂ ಎಳೆದುಕೊಂಡು ಹೋದರು.

ದೋಣಿ ನಡೆಸುವವಳು ಗುಂಡಗಿನ ಫ್ರೆಂಚ್ ಹೆಂಗಸು. ಇಂಗ್ಲಿಷನ್ನು ಅಳೆದು ತೂಗಿ ಆಡುತ್ತಿದ್ದಳು. ಭಾವ ಗಡಿಯಾರ ನೋಡಿಕೊಂಡು, "ಯಾವಾಗ ಹೊರಡೋದು?" ಎಂದರು.

"ಹೊರಟು ಅರ್ಧ ಗಂಟೆಯಾಯಿತು, ಮೊಸ್ಯೂ."

ದಡದಲ್ಲಿ ನಾಯಿ ಹಿಡಿದು ಹೊರಟಿದ್ದ ಅಜ್ಜಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ನಡೆದಳು. "ಅಜ್ಜಿ ಓವರ್‌ಟೇಕ್ ಮಾಡ್ತಿದ್ದಾಳಲ್ಲೇ!" ಎಂದು ಭಾವ ಕಂಗಾಲಾದರು. ಆಮೇಲೆ ಅವರೊಳಗಿನ ಮಂಡ್ಯ ಎಚ್ಚೆತ್ತಿತು. ಈ ನೀರು ಯಾವ ಗದ್ದೆಗೆ ಹೋಗುತ್ತದೆ? ಯಾವ ಗದ್ದೆಗೂ ಇಲ್ಲವೆಂದು ತಿಳಿದು ಅವರಿಗೆ ಸಂಕಟವೇ ಆಯಿತು. "ಇಷ್ಟು ನೀರು ಬರೀ ದೋಣಿ ಆಡ್ಸೋಕಾ? ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ರಸ್ತೆ ತಡೆ ಆಗಿರೋದು!"

ಕಾಲುವೆ ಎತ್ತರಕ್ಕೆ ಏರುವಲ್ಲಿ ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿ, ಮೇಲಕ್ಕೆತ್ತುತ್ತಾರೆ. ಭಾವನಿಗೆ ತಕ್ಷಣ ಐಡಿಯಾ ಹೊಳೆಯಿತು. "ಎರಡು ಬಾಗಿಲೂ ಒಟ್ಟಿಗೇ ತೆಗೆದ್ರೆ ಟೈಮ್ ಉಳಿಯುತ್ತಲ್ವಾ?"

"ಟೈಮ್ ಉಳಿಯುತ್ತದೆ, ಮೊಸ್ಯೂ. ದೋಣಿ ಉಳಿಯುವುದಿಲ್ಲ."

ಒಂದು ದಿನ ದೋಣಿಯ ಹೆಂಗಸು ನಮ್ಮನ್ನು ಚೀಸು ಮಾಡುವ ಮನೆಗೆ ಕರೆದೊಯ್ದಳು. ಎರಡು ವರ್ಷ ನೆಲಮಾಳಿಗೆಯಲ್ಲಿ ಹಣ್ಣಾದ ಚೀಸಂತೆ. "ಎರಡು ವರ್ಷಾನಾ! ನಮ್ ಕಂಪೆನಿಗೇ ಇನ್ನೂ ಒಂದು ವರ್ಷ ಆಗಿಲ್ಲ!" ಎನ್ನುತ್ತಾ ಭಾವ ಅದನ್ನು ಗುಳಿಗೆಯಂತೆ ನುಂಗಿ, "ನೆಕ್ಸ್ಟ್ ಎಲ್ಲಿಗೆ?" ಎಂದರು.

ನೆಕ್ಸ್ಟ್ ಒಂದು ಹಳೆಯ ಚರ್ಚು. ಅಲ್ಲಿ ಭಾವ ಮಾಯ! ಹುಡುಕಿದರೆ ಊರ ಚೌಕದ ಟೆಲಿಫೋನ್ ಗೂಡಿನಲ್ಲಿ ನಿಂತು ಆಫೀಸಿನ ಮೀಟಿಂಗು ನಡೆಸುತ್ತಿದ್ದಾರೆ. ಗಾಜಿನಾಚೆ ನಿಂತ ಅಕ್ಕನನ್ನು ಕಂಡು ರಿಸೀವರ್ ಇಳಿಸಿದರು. ಅಕ್ಕ ಏನೂ ಅನ್ನದೆ ದೋಣಿಗೆ ಹಿಂದಿರುಗಿದಳು. ಜಗಳವಾಡಿದ್ದರೆ ಬಿಡಿಸಬಹುದಿತ್ತು. ಮೌನವನ್ನು ಹೇಗೆ ಬಿಡಿಸುವುದು?

ಮರುದಿನ ಬೆಳಿಗ್ಗೆ ಸೈಕಲ್ಲುಗಳನ್ನು ಇಳಿಸಿ ಪಕ್ಕದೂರಿನ ಸಂತೆಗೆ ಹೋಗುವ ಕಾರ್ಯಕ್ರಮ. "ನೀವು ಹೋಗಿ ಬನ್ನಿ" ಎಂದಳು ಅಕ್ಕ.

"ಯಾಕೆ? ಇನ್ನೂ ಕೋಪಾನಾ?" ಎಂದರು ಭಾವ.

"ನಂಗೆ ಸೈಕಲ್ ಬರಲ್ಲ."

"ಬರಲ್ವಾ? ಇಷ್ಟು ವರ್ಷ ಆಯ್ತು, ಹೇಳೇ ಇಲ್ಲ?"

"ನೀವು ಯಾವಾಗ ಕೇಳಿದ್ರಿ?"

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸುತ್ತಿರಲಿಲ್ಲ. ತಂಗಿಯಾದ ನನ್ನ ಸರದಿ ಬರುವ ಹೊತ್ತಿಗೆ ಅಪ್ಪ ಮೆತ್ತಗಾಗಿದ್ದರು, ಅಷ್ಟೇ. ಭಾವ ಹೊರಡಲು ಹಿಡಿದಿದ್ದ ಸೈಕಲ್ಲನ್ನು ಮರಕ್ಕೆ ಒರಗಿಸಿದರು. ನನಗೂ ದೋಣಿಯ ಹೆಂಗಸಿಗೂ "ನೀವು ನಡೀರಿ" ಎಂದರು.

ನಾವು ಸಂತೆಯಿಂದ ಬ್ರೆಡ್ಡು, ಹಣ್ಣು ಹೊತ್ತು ಬಂದಾಗ ದಡದ ಮರಗಳ ಸಾಲಿನಲ್ಲಿ ಅಕ್ಕ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಸೈಕಲ್ ಏರಿದ್ದಳು. ಭಾವ ಬಗ್ಗಿ ಸೀಟು ಹಿಡಿದು, ಬೆವರು ಸುರಿಸುತ್ತಾ ಹಿಂದೆಯೇ ಓಡುತ್ತಿದ್ದರು.

"ಬಿಡ್ಬೇಡೀ!" ಎಂದು ಕಿರುಚಿದಳು ಅಕ್ಕ.

"ಬುಡ್ತೀನಾ ಕಣೆ ನಾನು? ನೀನು ಮುಂದ್ಕೆ ನೋಡು!"

ಮೂರು ನಾಲ್ಕು ಮರ ದಾಟುವಷ್ಟರಲ್ಲಿ ಚಕ್ರದ ನಡುಕ ನಿಂತು ಸೈಕಲ್ ನೆಟ್ಟಗೆ ಸಾಗಿತು. ಅದು ಅಕ್ಕನಿಗೂ ಗೊತ್ತಾಯಿತು.

"ಸಾಕು, ಬಿಡಿ ಇನ್ನು. ಬರುತ್ತೆ ನಂಗೆ" ಎಂದಳು ನಗುತ್ತಾ.

"ಗೊತ್ತು" ಎಂದರು ಭಾವ, ಏದುಸಿರಿನ ನಡುವೆ. ಕೈ ಮಾತ್ರ ತೆಗೆಯಲಿಲ್ಲ. "ಇನ್ನೊಂಚೂರು ದೂರ ಬತ್ತೀನಿ."