ಕೆಳಗಿನ ಮನೆಯವರು ಕೆಳಗಿನ ಗೋಳಾರ್ಧಕ್ಕೆ ಹೋದದ್ದು

ಒಂದು ವಿಷಯವನ್ನು ಒಬ್ಬ ಓದಿಕೊಂಡಿರುತ್ತಾನೆ, ನೋಡಲು ಇನ್ನೊಬ್ಬ ಹೋಗುತ್ತಾನೆ. ಇದು ನಡೆಯುತ್ತಲೇ ಇರುತ್ತದೆ. ಭೂಮಧ್ಯರೇಖೆಯ ಕೆಳಗಿನ ಅರ್ಧ ಭೂಮಿಯನ್ನು ನಾನು ಪುಣೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ದಕ್ಷಿಣಕ್ಕೆ ನಾನು ಅತಿ ದೂರ ಹೋದದ್ದು ಕನ್ಯಾಕುಮಾರಿಗೆ. ಅಲ್ಲಿಂದಲೂ ರೇಖೆ ಎಂಟು ಡಿಗ್ರಿ ಆಚೆ ಇತ್ತು.

ರೇಖೆ ದಾಟಿದವರು ನಮ್ಮ ಕೆಳಗಿನ ಮನೆಯವರು. ವಿಜಯಪುರದ ಕಡೆಯವರು, ಚಾಕಣದ ಒಂದು ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುತ್ತಾರೆ. ಭೂಗೋಳದ ಪುಸ್ತಕವನ್ನು ಅವರು ಕೊನೆಯ ಸಲ ತೆರೆದದ್ದು ಹತ್ತನೆಯ ಇಯತ್ತೆಯಲ್ಲಿ, ಅದೂ ಪರೀಕ್ಷೆಯ ದಿನ ಬೆಳಿಗ್ಗೆ. ಕಂಪನಿ ಅವರನ್ನು ಏಳು ತಿಂಗಳ ಮಟ್ಟಿಗೆ ಜೋಹಾನ್ಸ್‌ಬರ್ಗಿಗೆ ಕಳಿಸಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಸಂಕ್ರಾಂತಿಗೆ ನಮ್ಮ ಕಟ್ಟಡದ ಕನ್ನಡದ ಮಂದಿ ಟೆರೇಸಿನಲ್ಲಿ ಸೇರುತ್ತೇವೆ. ಉತ್ತರಾಯಣದ ಬಗ್ಗೆ ನಾನು ಹತ್ತು ನಿಮಿಷ ಮಾತಾಡುತ್ತೇನೆ. ಈ ಕಟ್ಟಡದಲ್ಲಿ ನನಗಿರುವ ಮರ್ಯಾದೆ ಆ ಹತ್ತು ನಿಮಿಷ.

ಅರ್ಧ ತೋಳಿನ ಅಂಗಿ

ಮೇ ಕೊನೆಯಲ್ಲಿ ಅವರು ಲಕ್ಷ್ಮೀ ರಸ್ತೆಯ ಚೀಲಗಳನ್ನು ಹಿಡಿದುಕೊಂಡು ಮೇಲೆ ಬಂದರು. ಅರ್ಧ ತೋಳಿನ ತೆಳ್ಳನೆಯ ಹತ್ತಿಯ ಅಂಗಿ ಆರು, ಬಿಸಿಲ ಟೊಪ್ಪಿಗೆ ಎರಡು.

“ಆಫ್ರಿಕಾ ನೋಡ್ರಿ ಸರ. ಬಿಸಿಲು ಹೊಡೀತದ. ಹೆಂಗವ ಅಂಗಿ?”

ಜೂನ್ ಅಲ್ಲಿ ನಡುಚಳಿಗಾಲ. ಊರು ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ. ಬೆಳಗಿನ ಜಾವ ನೀರು ಹೆಪ್ಪುಗಟ್ಟುವುದೂ ಉಂಟು. ಇದನ್ನೆಲ್ಲ ಇಪ್ಪತ್ತೆರಡು ವರ್ಷ ಆಕಳಿಸುವ ಹುಡುಗರಿಗೆ ಕೂಗಿ ಕೂಗಿ ಹೇಳಿದವನು ನಾನು. ಒಂದು ಅಂಗಿಯನ್ನು ಬೆರಳಲ್ಲಿ ಹಿಡಿದು ನೋಡಿದೆ.

“ಬಣ್ಣ ಚಲೋ ಅದ,” ಅಂದೆ.

ಅವರು ಇಳಿದುಹೋದ ಮೇಲೆ ನನ್ನ ಹೆಂಡತಿ ಕೇಳಿದಳು: “ಅಲ್ಲೆ ಥಂಡಿ ಇರ್ತದಂತ ನೀವ ಹೇಳ್ತಿದ್ರಿ. ಅವರಿಗ್ಯಾಕ ಹೇಳಲಿಲ್ಲ?”

“ಅವರು ಕೇಳಲಿಲ್ಲ.”

ಹೋದ ನಾಲ್ಕನೆಯ ದಿನ ಕಟ್ಟಡದ ವಾಟ್ಸಪ್ ಗುಂಪಿಗೆ ಫೋಟೊ ಬಂತು. ಕಾರ್ಖಾನೆಯ ಗೇಟಿನ ಮುಂದೆ ಕೆಳಗಿನ ಮನೆಯವರು, ಹೋಟೆಲಿನ ರಗ್ಗು ಹೊದ್ದುಕೊಂಡು. ಕೆಳಗೆ ಬರೆದಿದ್ದರು: “ಇಲ್ಲೆ ಯಾಕೋ ಹವಾ ಕೆಟ್ಟದ.”

ನಾನು ಉತ್ತರ ಬರೆದೆ: “ಹೌದ್ರಿ. ಪ್ರತಿ ವರ್ಷ ಜೂನಿನಾಗ ಕೆಡ್ತದ.”

ನೀರಿನ ಸುಳಿ

ಆಮೇಲೆ ವಿಡಿಯೊ ಬಂತು. ಅವರ ಬೇಸಿನ್ನಿನಲ್ಲಿ ನೀರು ಸುಳಿಯಾಗಿ ಇಳಿಯುತ್ತಿತ್ತು. “ಇಲ್ಲೆ ಉಲ್ಟಾ ತಿರಗತದ, ನೋಡ್ರಿ.” ಗುಂಪಿನಲ್ಲಿ ನಲವತ್ತು ಹೆಬ್ಬೆರಳು. ವರ್ಷಕ್ಕೊಮ್ಮೆಯ ನನ್ನ ಹತ್ತು ನಿಮಿಷದ ಮಾತನ್ನು ಗುಂಪಿಗೆ ಹಾಕಿದರೂ ಎರಡಕ್ಕಿಂತ ಹೆಚ್ಚು ಬಂದದ್ದಿಲ್ಲ, ಅದರಲ್ಲಿ ಒಂದು ನನ್ನ ಹೆಂಡತಿಯದು.

ಭೂಮಿ ತಿರುಗುವುದರಿಂದ ಚಂಡಮಾರುತದ ದಿಕ್ಕು ಬದಲಾಗುತ್ತದೆ, ಬೇಸಿನ್ನಿನದಲ್ಲ, ಅದು ಪಾತ್ರೆಯ ಆಕಾರದ ಮಾತು ಎಂದು ಬರೆದೆ. ಯಾರೂ ಓದಲಿಲ್ಲ. ಪ್ರಯೋಗ ಮಾಡಿಯೇ ತೋರಿಸುತ್ತೇನೆಂದು ಭಾನುವಾರ ಮಂದಿಯನ್ನು ಕರೆದೆ. ಐದು ಜನ ನಮ್ಮ ಅಡುಗೆಮನೆಯಲ್ಲಿ ನಿಂತರು. ಕೆಳಗಿನ ಮನೆಯವರ ಹೆಂಡತಿಯೂ ಬಂದಿದ್ದರು. ಸಿಂಕ್ ತುಂಬಿಸಿ, ಬೂಚು ತೆಗೆದೆ.

ನೀರು ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ನಿಂತಲ್ಲೇ ನಿಂತಿತು. ಒಗ್ಗರಣೆಯ ಒಂದು ಕರಿಬೇವಿನ ಎಲೆ ಮೇಲೆ ಬಂತು.

“ಪೈಪು ಕಟ್ಟ್ಯದ ಅಂತ ಎರಡು ವಾರದಿಂದ ಹೇಳಾಕತ್ತೀನಿ,” ಅಂದಳು ನನ್ನ ಹೆಂಡತಿ.

ಕೆಳಗಿನ ಮನೆಯವರ ಹೆಂಡತಿ ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ ಸರ. ಅಲ್ಲೆ ಉಲ್ಟಾನೋ ಸುಲ್ಟಾನೋ, ನೀರರೆ ಹೋಗ್ತದ.”

ಚಂದ್ರ

ಒಂದು ದಿನ ಚಂದ್ರನ ಫೋಟೊ ಕಳಿಸಿದರು. ತಲೆಕೆಳಗಾದ ಚಂದ್ರ. ಫೋನನ್ನು ಉಲ್ಟಾ ಹಿಡಿದಿರಬೇಕು ಎಂದು ಗುಂಪಿನಲ್ಲಿ ಜಗಳವಾಯಿತು. ಅಲ್ಲಿ ಹಾಗೇ ಕಾಣುತ್ತದೆ ಎಂದು ಹೇಳಬಲ್ಲವನು ನಾನೊಬ್ಬನೇ. ಹೇಳಲಿಲ್ಲ. ನಾನು ಹುಡುಗರಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದ ಚಂದ್ರನನ್ನು ಅವರು ಬಾಲ್ಕನಿಯಲ್ಲಿ ನಿಂತು, ಚಹಾ ಕುಡಿಯುತ್ತ ನೋಡುತ್ತಿದ್ದರು.

ನಮ್ಮ ಬಾಲ್ಕನಿಗೆ ಹೋಗಿ ಇಲ್ಲಿನ ಚಂದ್ರನಿಗೆ ಬೆನ್ನು ಮಾಡಿ ಬಗ್ಗಿದೆ, ಕಾಲಿನ ಸಂದಿಯಿಂದ ನೋಡಿದೆ. ಅವರ ಫೋಟೊದಲ್ಲಿದ್ದ ಹಾಗೆಯೇ ಕಾಣುತ್ತಿತ್ತು. ಏಳುವುದಕ್ಕೆ ಮಾತ್ರ ಹೆಂಡತಿಯನ್ನು ಕರೆಯಬೇಕಾಯಿತು.

ಸೂರ್ಯನ ದಿಕ್ಕು

ಜುಲೈಯಲ್ಲಿ ಅವರೇ ಫೋನ್ ಮಾಡಿದರು. ಹೋಟೆಲು ಬಿಟ್ಟು ಮನೆ ಹಿಡಿದಿದ್ದರು. ಪುಣೆಯಲ್ಲಿ ಚಳಿಗಾಲದ ಬಿಸಿಲು ದಕ್ಷಿಣದ ಬಾಲ್ಕನಿಗೆ ಬರುತ್ತದಲ್ಲ, ಅರಿವೆ ಒಣಗುವುದೂ ಸಂಡಿಗೆ ಒಣಗುವುದೂ ಅಲ್ಲೇ. ಆ ಲೆಕ್ಕದಲ್ಲಿ ಅಲ್ಲಿಯೂ ಹುಡುಕಿ ಹುಡುಕಿ ದಕ್ಷಿಣದ ಕಿಟಕಿಗಳಿರುವ ಮನೆಯನ್ನೇ ಆರಿಸಿದ್ದರು.

“ಸರ, ಮೂರು ವಾರ ಆತು, ಒಂದು ಚಡ್ಡಿ ಒಣಗವಲ್ದು. ಸೂರ್ಯ ಉತ್ತರದಾಗ ತಿರಗಾಕತ್ತಾನ್ರಿ.”

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಲವತ್ತು ನಿಮಿಷ ವಿವರಿಸಿದೆ. ಅಕ್ಷದ ವಾಲುವಿಕೆ, ಮಕರ ಸಂಕ್ರಾಂತಿ ವೃತ್ತ, ಎಲ್ಲ. ಅವರು ಹೂಂ ಹೂಂ ಅನ್ನುತ್ತ ಕೇಳಿದರು.

“ಅಂದ್ರ ಈ ಥಂಡಿ, ಈ ಸೂರ್ಯ, ಎಲ್ಲಾ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಪಠ್ಯದಾಗ ಅದ,” ಅಂದೆ.

ಆ ಕಡೆಯಿಂದ ಹಲ್ಲು ಕಟಕಟ ಅನ್ನುವುದು ಕೇಳಿಸಿತು.

ಸನ್ಮಾನ

ಜನವರಿಗೆ ವಾಪಸು ಬಂದರು. ಸಂಕ್ರಾಂತಿಯ ಹಿಂದಿನ ದಿನ ಕನ್ನಡದ ಮಂದಿಯ ಕಾರ್ಯದರ್ಶಿ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

“ಸರ, ಈ ಸಲ ಅವರು ಮಾತಾಡ್ಲಿ ಅಂತ. ಕಣ್ಣಾರೆ ನೋಡಿ ಬಂದಾರ. ನೀವು ಪರಿಚಯ ಮಾಡಿಕೊಡ್ರಿ, ಎರಡು ನಿಮಿಷ.”

ಹತ್ತು ಹೋಗಿ ಎರಡಾಯಿತು. ಕಿಸೆಯಲ್ಲಿ ಹಾಳೆ, ಪೆನ್ನು ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತೆ. ಅವರು ತಪ್ಪು ಹೇಳಿದಷ್ಟೂ ಬರೆದುಕೊಂಡು ಕೊನೆಗೆ ಎದ್ದು ನಿಲ್ಲುವುದೆಂದು ತೀರ್ಮಾನವಾಗಿತ್ತು.

ಅವರು ತಪ್ಪು ಹೇಳಲಿಲ್ಲ. ಇಲ್ಲಿ ಸಂಕ್ರಾಂತಿಗೆ ಹಗಲು ಬೆಳೆದರೆ ಅಲ್ಲಿ ಕುಗ್ಗುತ್ತದೆ ಎಂದರು. ಅಕ್ಷದ ವಾಲುವಿಕೆ ಎಂದರು. ನನ್ನ ನಲವತ್ತು ನಿಮಿಷವನ್ನು ಹತ್ತಕ್ಕೆ ಇಳಿಸಿ, ನನಗಿಂತ ಚೆನ್ನಾಗಿ ಹೇಳಿದರು. ಮಂದಿ ಕುಸುರೆಳ್ಳು ಜಗಿಯುವುದನ್ನೂ ಮರೆತು ಕೇಳಿದರು. ನನ್ನ ಹಾಳೆ ಖಾಲಿ.

ಕೊನೆಗೆ, “ಇದನ್ನೆಲ್ಲಾ ಕಲಿಸಿದವರು ನಮ್ಮ ಮ್ಯಾಲಿನ ಮನಿ ಸರ,” ಎಂದು ನನ್ನನ್ನು ಕರೆದರು. ಚಪ್ಪಾಳೆ. ಶಾಲು ಹೊದಿಸುತ್ತಾರೆಂದುಕೊಂಡೆ. ಅವರು ಚೀಲದಿಂದ ತೆಗೆದದ್ದು ಅಲ್ಲಿಯ ಗುಡ್ಡಗಾಡಿನವರು ಚಳಿಗೆ ಹೊದೆಯುವ ಉಣ್ಣೆಯ ಕಂಬಳಿ. ಹಾಸಿಗೆಯಷ್ಟು ದಪ್ಪ. ಎರಡು ಸುತ್ತು ಸುತ್ತಿ ಪಿನ್ ಹಾಕಿದರು.

ಮಧ್ಯಾಹ್ನ ಮೂರು ಗಂಟೆ. ಪುಣೆಯ ಜನವರಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಸೂರ್ಯ ದಕ್ಷಿಣದಲ್ಲಿದ್ದ, ನನ್ನ ಕುರ್ಚಿಯೂ ದಕ್ಷಿಣಕ್ಕೇ ಮುಖ ಮಾಡಿತ್ತು. ಸನ್ಮಾನದಲ್ಲಿ ಹೊದಿಸಿದ್ದನ್ನು ವಂದನಾರ್ಪಣೆ ಮುಗಿಯುವ ಮೊದಲು ತೆಗೆಯುವ ಪದ್ಧತಿಯಿಲ್ಲ. ವಂದನಾರ್ಪಣೆಗೆ ಮೊದಲು ಹೆಣ್ಣುಮಕ್ಕಳ ಏಳು ಹಾಡುಗಳಿದ್ದವು. ಬೆವರು ಕಿವಿಯಿಂದ ಇಳಿದು ಕಿಸೆಯ ಖಾಲಿ ಹಾಳೆಯವರೆಗೆ ಹೋಯಿತು.

ಮೂರನೆಯ ಹಾಡಿಗೆ ಕೆಳಗಿನ ಮನೆಯವರು ನನ್ನ ಕಡೆ ಬಗ್ಗಿದರು. ಅರ್ಧ ತೋಳಿನ ಅಂಗಿ ಹಾಕಿದ್ದರು. ಬಣ್ಣ ನಿಜವಾಗಿಯೂ ಚೆನ್ನಾಗಿತ್ತು.

“ಕಂಬಳಿ ಭಾಳ ಬೆಚ್ಚಗ ಇರ್ತದ್ರಿ ಸರ,” ಅಂದರು ಮೆಲ್ಲಗೆ. “ಮೊದಲ ಹೇಳಬೇಕಂತಿದ್ದೆ. ನೀವು ಕೇಳಲಿಲ್ಲ.”

ಆ ಮಾತನ್ನು ನಾನು ಮನೆಯೊಳಗೆ ಒಬ್ಬಳಿಗಷ್ಟೇ ಹೇಳಿದ್ದೆ. ಹೆಂಗಸರ ಸಾಲಿನ ಕಡೆ ತಿರುಗಿದೆ. ನನ್ನ ಹೆಂಡತಿ ಅಂಗೈಯಲ್ಲಿದ್ದ ಕುಸುರೆಳ್ಳನ್ನು ಒಂದೊಂದಾಗಿ ಎಣಿಸುತ್ತಿದ್ದಳು.